ಜಗದೇವಿಯನ್ನು ಕರೆಯಲು ಹೋದ ರಾಕೆಟ್ಟುಗಳು

ಕಲಬುರಗಿಯಿಂದ ಚಂದ್ರನಿಗೆ ನೇರ ಸರ್ವಿಸ್ ಶುರುವಾಗಿ ಒಂದು ವರ್ಷವಾಯಿತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆ ಸರ್ವಿಸ್ ನನ್ನ ಝೆರಾಕ್ಸ್ ಅಂಗಡಿಯಿಂದಲೇ ಹೊರಡದೆ ಇದ್ದಿದ್ದರೆ ನಾನೂ ನಂಬುತ್ತಿರಲಿಲ್ಲ! ಡ್ರೈವರು ನಮ್ಮ ಸೋದರಮಾವ. ವಯಸ್ಸು ಅರವತ್ತೇಳು. ಮೂವತ್ತೆರಡು ವರ್ಷ ಸರಕಾರಿ ಬಸ್ಸು ಓಡಿಸಿ, ಒಂದೇ ಒಂದು ಅಪಘಾತವಿಲ್ಲದೆ ನಿವೃತ್ತರಾದ ಪುಣ್ಯಾತ್ಮರು. ಆ ಮೂವತ್ತೆರಡು ವರ್ಷ ಮಾಡದೆ ಉಳಿಸಿಕೊಂಡಿದ್ದ ಅಪಘಾತಗಳನ್ನೆಲ್ಲ ಈಗ ನನ್ನ ಕಂಪ್ಯೂಟರಿನಲ್ಲಿ ಒಂದೊಂದಾಗಿ ಮಾಡಿ ಮುಗಿಸುತ್ತಿದ್ದಾರೆ.

ನನ್ನ ಅಂಗಡಿ ಇರುವುದು ಶರಣಬಸವೇಶ್ವರ ಗುಡಿಯ ಹತ್ತಿರ. ಸುತ್ತಲೂ ಕಾಲೇಜುಗಳು. ಝೆರಾಕ್ಸು, ಲ್ಯಾಮಿನೇಶನ್ನು, ಸ್ಕಾಲರ್‌ಶಿಪ್ ಅರ್ಜಿ, ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡಿನಲ್ಲಿ ತಪ್ಪಾದ ಹೆಸರಿನ ತಿದ್ದುಪಡಿ, ಹೀಗೆ ಜನರ ತಲೆನೋವುಗಳೇ ನನ್ನ ಬಂಡವಾಳ. ಅಂಗಡಿಯಲ್ಲಿರುವುದು ಎರಡೇ ಕಂಪ್ಯೂಟರು. ಒಂದು ನನ್ನದು. ಇನ್ನೊಂದು ಬಾಹ್ಯಾಕಾಶ ಇಲಾಖೆಯದು.

ಮಾಮಾ ಮೊದಲು ಬಂದದ್ದು ರಾಕೆಟ್ಟಿಗಾಗಿ ಅಲ್ಲ. ತಾವಿನ್ನೂ ಬದುಕಿದ್ದೇವೆ ಎಂದು ಪಿಂಚಣಿ ಕಚೇರಿಗೆ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕಲ್ಲ, ಅದಕ್ಕೆ ಹೆಬ್ಬೆರಳು ಒತ್ತಲು ಕಮಲಾಪುರದಿಂದ ಬಂದಿದ್ದರು. ಸ್ಟೀರಿಂಗ್ ಹಿಡಿದು ಹಿಡಿದು ಅವರ ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಯಂತ್ರ ಅವರು ಬದುಕಿರುವುದನ್ನು ಸುತರಾಂ ಒಪ್ಪಲಿಲ್ಲ. ಹತ್ತು ಸಲ ಒತ್ತಿ, ಹತ್ತು ಸಲ ತಿರಸ್ಕೃತರಾಗಿ, ಬೇಸರದಿಂದ ಪಕ್ಕಕ್ಕೆ ನೋಡಿದರು. ಅಲ್ಲಿ ಪಿಯುಸಿ ಓದುವ ನನ್ನ ಮಗಳು, ಗಿರಾಕಿಗಳಿಲ್ಲದ ಹೊತ್ತು ನೋಡಿ, ಕಂಪ್ಯೂಟರಿನಲ್ಲಿ ಏನೋ ಉದ್ದನೆಯದನ್ನು ಕಟ್ಟುತ್ತ ಕೂತಿದ್ದಳು.

“ಏನವ್ವಾ ಇದು, ಹಾಲಿನ ಟ್ಯಾಂಕರ್ ನೆಟ್ಟಗ ನಿಂದ್ರಿಸಿಟ್ಟೀದಿ?”

“ರಾಕೆಟ್ ರೀ ಅಜ್ಜಾ. ಇದು ಆಟ. ಟ್ಯಾಂಕು, ಇಂಜಿನ್ನು, ಪ್ಯಾರಾಚೂಟು ಎಲ್ಲಾ ನಾವೇ ಜೋಡಿಸಬೇಕು, ನಾವೇ ಹಾರಿಸಬೇಕು.”

“ಸರಿ ಜರಾ.”

‘ಸರಿ’ ಎಂದರೆ ‘ಸೀಟು ಬಿಟ್ಟುಕೊಡು’ ಎಂದರ್ಥ. ಅವತ್ತು ಮುಂಜಾನೆ ಹನ್ನೊಂದಕ್ಕೆ ಕೂತವರು ಸಂಜೆ ಐದರ ಬಸ್ಸಿಗೆ ಎದ್ದರು. ಮರುದಿನ ಹತ್ತಕ್ಕೆ ಮತ್ತೆ ಹಾಜರು, ಕೈಯಲ್ಲಿ ಒಂದು ಚಿಪ್ಪು ಕಮಲಾಪುರದ ಕೆಂಪು ಬಾಳೆಹಣ್ಣು. ಅವತ್ತಿನಿಂದ ಇವತ್ತಿನವರೆಗೆ ಭಾನುವಾರ, ಹಬ್ಬ ಮತ್ತು ಮುಂದೆ ಹೇಳಲಿರುವ ಎರಡು ದಿನ ಬಿಟ್ಟರೆ ಒಂದು ದಿನವೂ ತಪ್ಪಿಸಿಲ್ಲ. ಮನೆಯಲ್ಲಿ ನಾವು ಬಾಳೆಹಣ್ಣು ತಿಂದೂ ತಿಂದೂ ಈಗ ಆ ಬಣ್ಣ ಕಂಡರೇ ಎದ್ದು ಒಳಗೆ ಹೋಗುತ್ತೇವೆ.

ಮೊದಲ ರಾಕೆಟ್ಟಿನ ವರ್ಣನೆ ಮಾಡಲೇಬೇಕು. ಮುಂದೆ ಎರಡು ಹೆಡ್‌ಲೈಟು, ಹಿಂದೆ ಎರಡು ಕೆಂಪು ದೀಪ. ಬುಡದಿಂದ ತುದಿಯವರೆಗೆ ಏಣಿ.

“ಏಣಿ ಯಾಕ್ರೀ ಮಾಮಾ?”

“ಮತ್ತ ಲಗೇಜ್ ಮ್ಯಾಲ ಹ್ಯಾಂಗ ಏರಸ್ತಾರ? ನೀ ಏನ್ ತಲಿ ಮ್ಯಾಲ ಹೊತ್ತು ನಿಂದರ್ತೀಯೇನು?”

ಅಷ್ಟಕ್ಕೇ ಬಿಟ್ಟಿದ್ದರೆ ಚಲೋ ಇತ್ತು. ಸ್ಟೆಪ್ನಿ ಇಲ್ಲದೆ ಗಾಡಿ ತೆಗೆಯುವ ಪೈಕಿ ಅಲ್ಲ ನಮ್ಮ ಮಾಮಾ. ಒಂದು ಹೆಚ್ಚಿನ ಇಂಜಿನ್ನನ್ನು ರಾಕೆಟ್ಟಿನ ಎಡಮಗ್ಗುಲಿಗೆ ಕಟ್ಟಿದರು. ನನ್ನ ಮಗಳು ಬೇಡ ಬೇಡ ಎಂದಳು, ತೂಕ ಒಂದೇ ಕಡೆ ಆಗುತ್ತದೆ ಎಂದಳು. “ಮೂವತ್ತೆರಡು ವರ್ಷ ಸ್ಟೆಪ್ನಿ ಒಂದೇ ಕಡಿ ಇತ್ತು, ನನ್ನ ಗಾಡಿ ಎಂದರ ಪಲ್ಟಿ ಆಗ್ಯಾದೇನು?” ಎಂದರು. ರಾಕೆಟ್ಟು ನೆಲ ಬಿಟ್ಟಿತು, ಎಡಕ್ಕೆ ವಾಲಿತು, ಪೂರ್ತಿ ಸುತ್ತು ಹಾಕಿ ತಾನು ಹುಟ್ಟಿದ ಶೆಡ್ಡನ್ನೇ ಹುಡುಕಿಕೊಂಡು ಬಂದು ಅದರ ಮೇಲೆ ಬಿತ್ತು. ಮಾಮಾ ಹೊಗೆಯನ್ನು ಶಾಂತವಾಗಿ ನೋಡಿ, “ಡಿಪೋಕ್ಕ ಬಂದು ಬಿತ್ತಲ್ಲ, ಎಳಕೊಂಡು ಬರೂ ತ್ರಾಸ ತಪ್ಪಿತು” ಎಂದರು.

ಇನ್ನೊಂದು ನಿಯಮ. ಡ್ರೈವರ್ ಎಂದೂ ತಾನಾಗಿಯೇ ಗಾಡಿ ಬಿಡಬಾರದಂತೆ. ಹಿಂದಿನಿಂದ ಯಾರಾದರೂ ‘ರೈಟ್’ ಅನ್ನಬೇಕಂತೆ. ಹತ್ತು, ಒಂಬತ್ತು, ಎಂಟು ಎಂದು ಹಿಂದುಹಿಂದಕ್ಕೆ ಎಣಿಸುವುದು ಅವರಿಗೆ ಒಗ್ಗುವುದಿಲ್ಲ. ಹೀಗಾಗಿ ಮಾನಿಟರಿನ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದು, ಮೌಸಿನ ಮೇಲೆ ಕೈಯಿಟ್ಟು, ಕಾಯುತ್ತ ಕೂರುತ್ತಾರೆ. ಝೆರಾಕ್ಸಿಗೆ ಸಾಲಿನಲ್ಲಿ ನಿಂತ ಕಾಲೇಜು ಹುಡುಗಿಯರಿಗೆ ಈಗ ಇದು ರೂಢಿಯಾಗಿದೆ. ಒಬ್ಬಳು ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದೇ “ರೈಟ್ ರೈಟ್!” ಎಂದು ಕೂಗುತ್ತಾಳೆ, ರಾಕೆಟ್ಟು ಹೊರಡುತ್ತದೆ. ಗುಡಿಗೆ ಬಂದ ಹಿರಿಯರೊಬ್ಬರು ಇದನ್ನು ನೋಡಿ, “ಇಲ್ಲಿ ಏನ್ ನಡದದ್ರೀ?” ಎಂದು ನನ್ನನ್ನೇ ಕೇಳಿದರು. ನಾನು ಏನು ಹೇಳಲಿ? “ಸರಕಾರಿ ಕೆಲಸ ರೀ” ಎಂದೆ. ಅವರು ಪಾಪ, ಕೈಮುಗಿದು ಹೋದರು.

ಹೀಗೆ ಬೀಳುತ್ತ ಏಳುತ್ತ ಮಾಮಾ ಕಲಿತರು. ಕಲಿಯಲಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಆಟದಲ್ಲಿ ಗುಂಡುಗುಂಡಾದ ಟೊಪ್ಪಿಗೆಯ ಸಣ್ಣ ಸಣ್ಣ ಯಾತ್ರಿಗಳಿರುತ್ತಾರೆ. ಅವರ ಹೆಸರುಗಳು ಬಾಯಿಗೆ ಬರುವುದಿಲ್ಲವೆಂದು ಮಾಮಾ ಎಲ್ಲರಿಗೂ ನಾಮಕರಣ ಮಾಡಿದರು. ಅವರಲ್ಲಿ ಚಂದ್ರನ ಕಡೆಗೆ ಮೊದಲು ಹೊರಟವಳು ಜಗದೇವಿ. ಹೋದ ಆಷಾಢದಲ್ಲಿ ಹೋದಳು. ಚಂದ್ರನನ್ನು ಮುಟ್ಟಿದಳು, ಸುತ್ತು ಹಾಕತೊಡಗಿದಳು. ಮಾಮಾ ಖುಷಿಯಿಂದ ಅಂಗಡಿಯಲ್ಲಿದ್ದವರಿಗೆಲ್ಲ ಬಾಳೆಹಣ್ಣು ಹಂಚಿದರು. ಹಂಚಿ ಬಂದು ನೋಡಿದರೆ ಟ್ಯಾಂಕಿನ ಮುಳ್ಳು ತಳ ಕಂಡಿದೆ.

“ರಿಸರ್ವಿಗೆ ಬಂದದ. ಇನ್ನಾ ಮೂವತ್ತು ಕಿಲೋಮೀಟರ್ ಹೋಗ್ತದ. ಅಷ್ಟರಾಗ ಬಂಕ್ ಸಿಗ್ತದ.”

“ಎಲ್ಲಿ ಸಿಗ್ತದ ರೀ ಅಜ್ಜಾ?”

ಮಾಮಾ ಪರದೆಯನ್ನು ನೋಡಿದರು. ಕರೀ ಕತ್ತಲೆ. ಒಂದು ಚಂದ್ರ. ಒಬ್ಬಳು ಜಗದೇವಿ. ಆ ದಾರಿಯಲ್ಲಿ ಬಂಕ್ ಇಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಚಹಾ ತಂದುಕೊಟ್ಟರೆ ಕುಡಿಯಲಿಲ್ಲ.

ನನ್ನ ಮಗಳು ಸಮಾಧಾನ ಹೇಳಿದಳು. ಆ ಯಾತ್ರಿಗಳಿಗೆ ಹಸಿವೆ ನೀರಡಿಕೆ ಇಲ್ಲ, ಎಷ್ಟು ವರ್ಷವಾದರೂ ಸುತ್ತುತ್ತ ಇರುತ್ತಾರೆ, ಬೇಕೆಂದರೆ ಆಟವನ್ನು ಹಿಂದಕ್ಕೆ ಓಡಿಸಿ ಜಗದೇವಿ ಹೊರಟೇ ಇಲ್ಲ ಎಂದು ಮಾಡಿಬಿಡಬಹುದು ಎಂದಳು. ಮಾಮಾನಿಗೆ ಸಿಟ್ಟು ಬಂತು. “ಹತ್ತಿಸಿಕೊಂಡು ಹೋದಾಂವ ನಾ. ಈಗ ಆಕಿ ಹತ್ತೇ ಇಲ್ಲ ಅಂತ ಸುಳ್ಳ ಬರಕೊಡ್ಲೇನು?” ಎಂದರು. ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿ, ಬೆರಳು ಮಡಚಿ ಎಣಿಸಿ, ತೀರ್ಪು ಕೊಟ್ಟರು. “ಪಂಚಮಿಗೆ ಇನ್ನಾ ಹದಿನೆಂಟು ದಿನ ಅದ. ಅಷ್ಟರಾಗ ಕರಕೊಂಡು ಬರ್ತೀನಿ.”

ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು ಹೇಳಬೇಕು. ನಾಗರಪಂಚಮಿ ನಮ್ಮಲ್ಲಿ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರಬೇಕು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ಆದರೆ ತಾವಾಗಿಯೇ ಚೀಲ ಹಿಡಿದು ಬರುವಂತಿಲ್ಲ. ತವರಿನಿಂದ ಅಣ್ಣನೋ ತಮ್ಮನೋ ಮಾಮಾನೋ ಹೋಗಿ ಕರೆಯಬೇಕು. ಕರೆಯಲು ಬರದಿದ್ದರೆ ಹೋಗುವ ಹಾಗಿಲ್ಲ. ಜಗದೇವಿಗೆ ಇದೆಲ್ಲ ಅನ್ವಯಿಸುತ್ತದೆಯೇ ಎಂದು ನಾನು ಕೇಳಬೇಕೆಂದಿದ್ದೆ. ಮಾಮಾನ ಮುಖ ನೋಡಿ ಲ್ಯಾಮಿನೇಶನ್ ಕೆಲಸಕ್ಕೆ ತಿರುಗಿದೆ.

ಕರೆಯಲು ಹೋದ ಮೊದಲ ರಾಕೆಟ್ಟಿನಲ್ಲಿ ಡ್ರೈವರ್ ಒಬ್ಬನೇ. ಸರಿಯಾಗಿ ಚಂದ್ರನನ್ನು ಮುಟ್ಟಿತು, ಜಗದೇವಿ ಸುತ್ತುವ ದಾರಿಯಲ್ಲೇ ಸುತ್ತತೊಡಗಿತು. ಆಕೆ ಮುಂದೆ, ಇವರು ಅರವತ್ತು ಕಿಲೋಮೀಟರ್ ಹಿಂದೆ. ಅರವತ್ತು ಕಿಲೋಮೀಟರ್ ನಮ್ಮ ಮಾಮಾನಿಗೆ ಯಾವ ಲೆಕ್ಕ? ಇಂಜಿನ್ ಹೊತ್ತಿಸಿ ಜೋರು ಬಿಟ್ಟರು. ಎಂಬತ್ತಾಯಿತು! ಇನ್ನೂ ಜೋರು ಬಿಟ್ಟರು. ನೂರಾ ಮೂವತ್ತು!

“ಅಜ್ಜಾ, ಮ್ಯಾಲ ಅದು ಉಲ್ಟಾ ರೀ. ಜೋರು ಬಿಟ್ರ ಎತ್ತರಕ್ಕ ಹೋಗ್ತದ, ದೊಡ್ಡ ಸುತ್ತು ಹಾಕ್ತದ, ಹಿಂದ ಬೀಳ್ತದ. ಬ್ರೇಕ್ ಹಾಕ್ರಿ. ಕೆಳಗ ಇಳದು ಸಣ್ಣ ಸುತ್ತಿಗೆ ಬರ್ತದ, ಆಗ ಮುಂದ ಹೋಗ್ತದ.”

“ಬ್ರೇಕ್ ಹಾಕಿ ಓವರ್‌ಟೇಕ್ ಮಾಡ್ಬೇಕಾ?”

“ಹೌದ್ರೀ.”

“ಬೀದರ ರೋಡಿನಾಗ ನನಗ ಹಿಂದ ಹಾಕಿದಾಂವ ಇನ್ನಾ ಹುಟ್ಟಿಲ್ಲ. ನಿನ್ನೆ ಹುಟ್ಟಿದಾಕಿ ನನಗ ಓವರ್‌ಟೇಕ್ ಕಲಸ್ತೀಯೇನವ್ವಾ?”

ಅವಳು ಬಿಡಲಿಲ್ಲ, ಇವರು ಒಪ್ಪಲಿಲ್ಲ. ಕೊನೆಗೆ ನೂರಾ ಎಂಬತ್ತಾದಾಗ ಹಲ್ಲು ಕಚ್ಚಿಕೊಂಡು, “ತಗೋ, ಹಾಕ್ದೆ ಬ್ರೇಕ್!” ಎಂದರು. ಹಾಕಿದರು ನೋಡಿ! ಕೈಯಿಂದಲ್ಲ, ಕಾಲಿನಿಂದ. ಮೂವತ್ತೆರಡು ವರ್ಷದ ಅಭ್ಯಾಸ ಎಲ್ಲಿ ಹೋಗಬೇಕು? ಬಲಗಾಲು ನೆಟ್ಟಗೆ ಹೋಗಿ ಮೇಜಿನ ಕೆಳಗಿದ್ದ ಯುಪಿಎಸ್‌ನ ಗುಂಡಿಯನ್ನು ಒತ್ತಿತು. ರಾಕೆಟ್ಟು, ಚಂದ್ರ, ಜಗದೇವಿ ಎಲ್ಲ ಒಮ್ಮೆಗೇ ಕತ್ತಲು. ಅವುಗಳ ಜೊತೆ ನಾನು ಒಂದು ಗಂಟೆ ಕೂತು ತುಂಬಿಸಿದ್ದ ಸ್ಕಾಲರ್‌ಶಿಪ್ ಅರ್ಜಿಯೂ ಕತ್ತಲು, ಏಕೆಂದರೆ ಎರಡು ಕಂಪ್ಯೂಟರಿಗೂ ಅದೊಂದೇ ಯುಪಿಎಸ್. ಅರ್ಜಿಯ ಹುಡುಗಿ ಅಳುವುದೊಂದು ಬಾಕಿ. “ಬ್ರೇಕ್ ಚಲೋ ಹಿಡೀತದ” ಎಂದರು ಮಾಮಾ.

ಈ ಮಧ್ಯೆ ಕಮಲಾಪುರದಿಂದ ಅತ್ತಿಯ ಫೋನು ಬಂತು. ಮಾಮಾನ ಹೆಂಡತಿ. ದನಿ ಸಣ್ಣಗಿತ್ತು.

“ಏನವ್ವಾ, ಇವ್ರು ಮುಂಜಾನೆ ಎದ್ದ ಕೂಡಲೆ ಜಗದೇವಿ ಜಗದೇವಿ ಅಂತ ಚಿಂತಿ ಮಾಡಾಕತ್ತಾರ. ಯಾರ್ ಆಕಿ? ಎಲ್ಲಿ ಇರ್ತಾಳ?”

“ಚಂದ್ರನ ಹತ್ರ ರೀ ಅತ್ತಿ.”

“ಯಾವ ಚಂದ್ರ? ಆಕಿ ಗಂಡನೇನು?”

ಪೂರ್ತಿ ಕತೆ ಬಿಡಿಸಿ ಹೇಳಲು ಅರ್ಧ ಗಂಟೆ ಬೇಕಾಯಿತು. ಅತ್ತಿ ನಗುತ್ತಾರೆ ಎಂದುಕೊಂಡಿದ್ದೆ. ಬದಲಿಗೆ ತವರು ಮನೆಯ ಹಿರಿಯಳ ಗತ್ತಿನಲ್ಲಿ, “ಪಂಚಮಿಗೆ ಹೆಣ್ಣುಮಗಳನ್ನ ಕರಿಯಾಕ ಒಬ್ಬನೇ ಗಂಡಸನ್ನ ಕಳಸ್ಯಾರೇನು? ಮಂದಿ ಏನ್ ಅಂದಾರು? ಜೋಡಿಗೆ ಇಬ್ಬರು ಹೆಣ್ಣುಮಕ್ಕಳು ಹೋಗಬೇಕು ಅಂತ ಹೇಳವ್ವಾ. ಬರಿಗೈಲೆ ಹೋಗಬ್ಯಾಡ್ರಿ ಅಂತನೂ ಹೇಳು” ಎಂದರು. ಮರುದಿನ ಮಾಮಾನ ಕೈಯಲ್ಲಿ ಒಂದು ಡಬ್ಬಿ ಶೇಂಗಾ ಉಂಡಿ ಬಂತು. ಜಗದೇವಿಯ ಪಾಲಿನ ಆ ಉಂಡಿಗಳನ್ನು ನಾನು, ನನ್ನ ಮಗಳು, ಸಾಲಿನಲ್ಲಿದ್ದ ನಾಲ್ವರು ವಿದ್ಯಾರ್ಥಿಗಳು ಸೇರಿ ವಿಲೇವಾರಿ ಮಾಡಿದೆವು.

ಯುಪಿಎಸ್ ಆರಿದಾಗ ಮೊದಲ ರಾಕೆಟ್ಟಿನ ಪಯಣವೇ ಆಟದಿಂದ ಅಳಿಸಿಹೋಗಿ, ಡ್ರೈವರ್ ಮತ್ತೆ ಡಿಪೋದಲ್ಲೇ ಇದ್ದ. ಅತ್ತಿಯ ಅಪ್ಪಣೆಯಂತೆ ಎರಡನೆಯ ರಾಕೆಟ್ಟು ಮೂರು ಸೀಟಿನದು. ಡ್ರೈವರು, ಜೊತೆಗೆ ಇಬ್ಬರು ಮುತ್ತೈದೆಯರು. ಈ ಸಲ ಮಾಮಾ ಎರಡೂ ಕಾಲನ್ನು ಕುರ್ಚಿಯ ಮೇಲೆ ಮಡಚಿ, ಚಕ್ಕಳಮಕ್ಕಳ ಹಾಕಿ ಕೂತರು. ಕೈಯಿಂದಲೇ ಬ್ರೇಕ್ ಹಾಕಿದರು. ಅರವತ್ತು ನಲವತ್ತಾಯಿತು, ಹತ್ತಾಯಿತು, ಒಂದಾಯಿತು. ಜಗದೇವಿಯ ಗಾಡಿ ಎದುರಿಗೇ ಬಂದು ನಿಂತಿತು. ನಾನು ಕೂಡ ಝೆರಾಕ್ಸ್ ಬಿಟ್ಟು ಬಂದು ನೋಡಿದೆ. “ಹೋದಕೂಡಲೆ ಹೊಂಡಬಾರ್ದು, ಜರಾ ಕೂತು ಮಾತಾಡಿ ಹೊಂಡಬೇಕು” ಎಂದು ಮಾಮಾ ಚಂದ್ರನಿಗೆ ಒಂದು ಸುತ್ತು ಸುಮ್ಮನೆ ಹಾಕಿಸಿದರು. ಆಮೇಲೆ ಜಗದೇವಿ ಹೊರಬಂದಳು, ತೇಲುತ್ತ ಈ ಗಾಡಿಯ ಬಾಗಿಲಿಗೆ ಬಂದಳು. ಕಂಪ್ಯೂಟರು ಹೇಳಿತು: ಸೀಟು ಖಾಲಿ ಇಲ್ಲ.

ಮೂರು ಸೀಟು. ಮೂರು ಜನ. ಕರೆಯಲು ಹೋದವರೆಲ್ಲ ಕೂತಿದ್ದಾರೆ, ಕರೆಸಿಕೊಳ್ಳಬೇಕಾದವಳಿಗೆ ಜಾಗವಿಲ್ಲ! ಬಸ್ಸಿಗೆ ಸೀಟು ಎಣಿಸಿ ಜನ ಹತ್ತಿಸಿದ ಅಭ್ಯಾಸ ಮಾಮಾನಿಗೆ ಎಂದಾದರೂ ಇದ್ದರೆ ತಾನೇ?

“ನಿಂತು ಬರ್ತಾಳ ಬಿಡು. ಶ್ರಾವಣದಾಗ ಸೀಟು ಯಾರಿಗೆ ಸಿಕ್ಕಾವ? ಏಣಿ ಹಿಡಕೊಂಡು ನಿಂದರ್ಲಿ.” ನೋಡಿದಿರಾ, ಏಣಿ ಈಗಲೂ ಇದೆ!

“ಅಜ್ಜಾ, ಕೆಳಗ ಇಳಿಯುವಾಗ ಬೆಂಕಿ ಹತ್ತತದ. ಹೊರಗ ಇದ್ದಾಕಿ ಸುಟ್ಟು ಹೋಗ್ತಾಳ.”

ಹಾಗಾದರೆ ಮುತ್ತೈದೆಯರಲ್ಲಿ ಒಬ್ಬಳನ್ನು ಇಳಿಸಿ ಬರೋಣ ಎಂದು ನಾನು ಸಲಹೆ ಕೊಟ್ಟೆ. “ಇಳಿಸಿ? ಆಕಿ ಮನಿಯವರಿಗೆ ಏನ್ ಹೇಳ್ಲಿ?” ಎಂದರು ಮಾಮಾ. ಜಗದೇವಿ ತಿರುಗಿ ತನ್ನ ಗಾಡಿಗೆ ಹೋದಳು. ಮೂವರು ಹೋದಂತೆಯೇ ಮೂವರು ಬಂದರು.

ಪಂಚಮಿಗೆ ಇನ್ನು ನಾಲ್ಕು ದಿನ. ಅಂಗಡಿಯಲ್ಲಿ ಅಡ್ಮಿಶನ್ ಗದ್ದಲ, ಕಾಲಿಡಲು ಜಾಗವಿಲ್ಲ. ಮಾಮಾನಿಗೆ ಹೊಸ ರಾಕೆಟ್ಟು ಕಟ್ಟುವ ಧ್ಯಾನ. ಮೂವರು ಹುಡುಗರು ಅರ್ಜಿ ಹಿಡಿದು ಆ ಕಂಪ್ಯೂಟರಿನ ಮುಂದೆಯೇ ನಿಂತಿದ್ದಾರೆ, ಇವರು ಅವರಿಗೆ ‘ಹಿಂದಿನ ಗಾಡಿಗೆ ಬರ್ರಿ’ ಎನ್ನುತ್ತಿದ್ದಾರೆ. ನನ್ನ ತಾಳ್ಮೆ ಕೆಟ್ಟಿತು.

“ಮಾಮಾ, ಸಾಕು ಮಾಡ್ರಿ. ಒಂದು ಗೊಂಬಿ ಸಲುವಾಗಿ ನನ್ನ ಗಿರಾಕಿ ಎಲ್ಲಾ ಹೊಂಟಾರ. ಆಕಿ ಇದ್ರೇನು, ಅಳಿಸಿ ಹಾಕಿದ್ರೇನು?”

ಮಾಮಾ ಮೌಸ್ ಬಿಟ್ಟು ಎದ್ದರು. ಆ ಹುಡುಗರಿಗೆ ಕುರ್ಚಿ ತೋರಿಸಿದರು. ಚಪ್ಪಲಿ ಮೆಟ್ಟಿಕೊಳ್ಳುತ್ತ, “ಆಕಿ ಕಾಯಾಕತ್ತಾಳವ್ವಾ” ಎಂದಷ್ಟೇ ಹೇಳಿ, ಎರಡರ ಬಸ್ಸಿಗೇ ಹೊರಟುಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನನ್ನ ಎರಡೂ ಕಂಪ್ಯೂಟರು ನನ್ನವೇ ಆದವು, ಕೆಲಸ ಸರಸರ ಸಾಗಿತು, ಆದರೆ ನನ್ನ ಕಣ್ಣು ಮಾತ್ರ ಬಾಗಿಲ ಕಡೆಗೇ ಹೋಗುತ್ತಿತ್ತು. ಸಂಜೆ ನಾಚಿಕೆ ಬಿಟ್ಟು ಫೋನು ಮಾಡಿದೆ. “ನಾಳಿ ಬರ್ರಿ ಮಾಮಾ. ಕಂಪ್ಯೂಟರ್ ಖಾಲಿ ಇಟ್ಟಿರ್ತೀನಿ.”

ಪಂಚಮಿಯ ಹಿಂದಿನ ದಿನ ಹತ್ತಕ್ಕೆ ಸರಿಯಾಗಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಹೊಸ ಟವೆಲ್ಲು. ಎರಡೇ ಸೀಟಿನ ರಾಕೆಟ್ಟು ಕಟ್ಟಿದರು. ಒಂದರಲ್ಲಿ ಡ್ರೈವರು, ಇನ್ನೊಂದು ಖಾಲಿ. ಖಾಲಿ ಸೀಟಿನ ಮೇಲೆ ಟವೆಲ್ ಹಾಕಿ ಹಿಡಿಯಲು ಆಟದಲ್ಲಿ ಸವಲತ್ತಿಲ್ಲ ಎಂದು ಬೇಜಾರು ಮಾಡಿಕೊಂಡರು. ನಾನೇ “ರೈಟ್” ಎಂದೆ.

ಮುಂದಿನದನ್ನು ಬೆಳೆಸುವುದಿಲ್ಲ. ಹೋದರು, ಬ್ರೇಕ್ ಹಾಕಿ ಮುಟ್ಟಿದರು, ಜಗದೇವಿ ತೇಲಿ ಬಂದು ಖಾಲಿ ಸೀಟಿನಲ್ಲಿ ಕೂತಳು. ವಾಪಸು ಬರುವಾಗ ಗಾಡಿಯ ಸುತ್ತ ಕೆಂಡದಂಥ ಬೆಂಕಿ ಹತ್ತಿತು. ಅಂಗಡಿಯ ತುಂಬ ಜನ, ಎಲ್ಲರ ಕಣ್ಣೂ ಪರದೆಯ ಮೇಲೆ. ಪ್ಯಾರಾಚೂಟು ಬಿಚ್ಚಿತು. ಗಾಡಿ ಸಮುದ್ರಕ್ಕೆ ಇಳಿಯಿತು. “ನೀರಾಗ ಬಿತ್ತಲ್ಲ! ಈಜು ಬರ್ತದೇನು ಆಕಿಗೆ?” ಎಂದು ಮಾಮಾ ಎದ್ದೇ ನಿಂತರು. ಗಾಡಿ ತೇಲಿತು. ಜಗದೇವಿ ಬಾಗಿಲು ತೆಗೆದು ಹೊರಗೆ ಬಂದಳು. ಹುಡುಗಿಯರು ಚಪ್ಪಾಳೆ ಹೊಡೆದರು, ನನ್ನ ಮಗಳು ಕುಣಿದಳು, ನಾನಂತೂ ಯಾರ ಅರ್ಜಿಯನ್ನೋ ಎಡಗೈಯಲ್ಲಿ ಮುದ್ದೆ ಮಾಡಿಬಿಟ್ಟಿದ್ದೆ.

ಮಾಮಾ ಮಾತ್ರ ನಗಲಿಲ್ಲ. ಕುರ್ಚಿಯಲ್ಲಿ ಕೂತು ಆ ಪುಟ್ಟ ಗೊಂಬೆಯನ್ನೇ ನೋಡುತ್ತಿದ್ದರು. ಜನ ಕರಗಿದ ಮೇಲೆ ನನ್ನ ಕಡೆ ನೋಡದೆಯೇ ಹೇಳಿದರು.

“ಆ ವರ್ಷ ನನಗ ರಜಾ ಕೊಡಲಿಲ್ಲವ್ವಾ.”

ಯಾವ ವರ್ಷ ಎಂದು ನಾನು ಕೇಳಬೇಕಾಗಿರಲಿಲ್ಲ. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡ. ನನಗೆ ಅಣ್ಣತಮ್ಮಂದಿರಿಲ್ಲ. ಕಮಲಾಪುರದ ಮಾಮಾನ ಮನೆಯೇ ನನ್ನ ತವರು. ಮದುವೆಯಾದ ಮೊದಲ ಪಂಚಮಿಗೆ ಹುಮನಾಬಾದದ ಆಚೆ ಒಂದು ಹಳ್ಳಿಯಲ್ಲಿ, ಗಂಡನ ಮನೆಯ ಕಟ್ಟೆಯ ಮೇಲೆ, ಹೊಸ ಸೀರೆ ಉಟ್ಟು, ಚೀಲ ತುಂಬಿಕೊಂಡು, ಮುಂಜಾನೆಯಿಂದ ಸಂಜೆಯವರೆಗೆ ಕೂತಿದ್ದೆ. ಓಣಿಯ ಸೊಸೆಯರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು. ದೀಪ ಹಚ್ಚುವ ಹೊತ್ತಿಗೆ ಗಂಡನ ತಾಯಿ ಬಂದು ಚೀಲವನ್ನು ತಾವೇ ಎತ್ತಿ ಒಳಗಿಟ್ಟರು. ಹಬ್ಬ ಮುಗಿದು ನಾಲ್ಕು ದಿನಕ್ಕೆ ಮಾಮಾ ಸೀರೆ, ಉಂಡಿ ಹೊತ್ತು ಬಂದಿದ್ದರು. ಎಲ್ಲರೂ ನಕ್ಕು ಮಾತಾಡಿದ್ದೆವು. ಇಪ್ಪತ್ತೊಂದು ವರ್ಷ ಆ ಸುದ್ದಿ ನಾನೂ ತೆಗೆದಿಲ್ಲ, ಅವರೂ ತೆಗೆದಿಲ್ಲ.

“ಹಬ್ಬಕ್ಕ ಗಾಡಿ ಜಾಸ್ತಿ ಬಿಟ್ಟಿದ್ರು. ನಾ ಬೀದರ ಗಾಡಿ ಮ್ಯಾಲಿದ್ದೆ. ಗಾಡಿ ತುಂಬ ತವರಿಗೆ ಹೊಂಟ ಹೆಣ್ಣುಮಕ್ಕಳೇ. ಒಬ್ಬೊಬ್ಬರನ್ನೂ ಅವರವರ ಊರಾಗ ಇಳಸ್ಕೋತ ಹೋದೆ. ನಿಮ್ಮ ಊರಿನ ಕ್ರಾಸಿಗೆ ಗಾಡಿ ನಿಂದ್ರಿಸ್ದೆ. ಇಬ್ಬರು ಹತ್ತಿದ್ರು. ಕಂಡಕ್ಟರ್ ಬೆಲ್ ಹೊಡದ, ನಾ ಬಿಡಲಿಲ್ಲ. ಯಾರರೆ ನಿನ್ನ ಅಲ್ಲಿತನಕ ಕಳಿಸಿಕೊಟ್ಟಾರೇನೋ ಅಂತ ಆ ಹಾದಿ ನೋಡ್ಕೋತ ಕೂತೆ. ಎರಡು ಮೈಲಿ ಒಳಗ ಅದ ನಿಮ್ಮ ಊರು. ಗಾಡಿ ತಿರಗಿಸಿ ಹೋಗಿದ್ರ ಏನಾಗ್ತಿತ್ತು? ಭಾಳ ಅಂದ್ರ ಮೆಮೋ ಕೊಡ್ತಿದ್ರು.”

“ನನಗ ನೆನಪೇ ಇಲ್ಲ ಬಿಡ್ರಿ ಮಾಮಾ” ಎಂದೆ. ಅಷ್ಟು ದೊಡ್ಡ ಸುಳ್ಳನ್ನು ನಾನು ಇಡೀ ಜನ್ಮದಲ್ಲಿ ಹೇಳಿಲ್ಲ.

“ನನಗ ನೆನಪದ” ಎಂದರು. ಎದ್ದರು. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. “ಶಟರ್ ಎಳಿ. ಕರಿಯಾಕ ಬಂದೀನಿ.”

ಅಡ್ಮಿಶನ್ ಅರ್ಜಿಗೆ ಮರುದಿನ ಕೊನೆಯ ದಿನ. ಮೇಜಿನ ಮೇಲೆ ಇಪ್ಪತ್ತು ಜನರ ಕಾಗದ. ನನಗೋ ನಲವತ್ತೈದರ ಹತ್ತಿರ ವಯಸ್ಸು, ತಲೆ ಅರ್ಧ ಬೆಳ್ಳಗಾಗಿದೆ, ಕಮಲಾಪುರ ಒಂದು ಗಂಟೆಯ ದಾರಿ, ಬೇಕೆಂದಾಗ ನಾನೇ ಹೋಗಿ ಬರುತ್ತೇನೆ. ಇದನ್ನೆಲ್ಲ ಹೇಳಬಹುದಿತ್ತು. ಮಗಳು ನನ್ನ ಕೈಯಿಂದ ಕಾಗದಗಳನ್ನು ಇಸಿದುಕೊಂಡು, “ನಾ ತುಂಬ್ತೀನಿ ಮಮ್ಮಿ, ನೀ ಹೋಗು” ಎಂದಳು. ನಾನು ಇಲ್ಲೇ ಹತ್ತಿರ, ಬ್ರಹ್ಮಪುರ ಓಣಿಯಲ್ಲಿ ನಾವೀಗ ಇರುವ ಮನೆಗೆ ಓಡಿದೆ. ಇದ್ದುದರಲ್ಲಿ ಹೊಸ ಸೀರೆ ಉಟ್ಟು, ಚೀಲ ತುಂಬಿದೆ. ಬಾಗಿಲಲ್ಲಿ ಮಾಮಾ ನಿಂತಿದ್ದರು. ಚೀಲವನ್ನು ನನಗೆ ಮುಟ್ಟಗೊಡಲಿಲ್ಲ.

ಬಸ್ಸಿನ ತುಂಬ ಹೆಣ್ಣುಮಕ್ಕಳು, ಕೂಸುಗಳು, ಉಂಡಿಯ ಡಬ್ಬಿಗಳು. ಮಾಮಾ ಹೇಗೋ ನುಗ್ಗಿ ಒಂದು ಸೀಟು ಹಿಡಿದು ನನ್ನನ್ನು ಕಿಟಕಿಯ ಪಕ್ಕ ಕೂರಿಸಿದರು. ಊರು ದಾಟುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಅವತ್ತು ಕಟ್ಟೆಯ ಮೇಲೆ ಅಳದೆ ಬಿಟ್ಟದ್ದನ್ನೆಲ್ಲ ಅತ್ತೆ. ಮಾಮಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಮಲಾಪುರ ಬರುವವರೆಗೆ, ಈ ಡ್ರೈವರ್‌ಗೆ ಗೇರು ಹಾಕಲು ಯಾರು ಕಲಿಸಿದರು ಎಂದು ಅವನನ್ನು ಬೈಯುತ್ತಲೇ ಇದ್ದರು.